ಹಳೆಯ ಚಾರ್ಜರಿಗೆ ಸಾಕೆನ್ನುವವರು ಯಾರು?



ಮನೆಯಲ್ಲಿ ಹಳೆಯ ವಸ್ತುವೊಂದು ಕೆಟ್ಟು ನಿಂತಾಗ ಎರಡು ಬಗೆಯ ಮಾತುಗಳು ಕೇಳಿಬರುವುದು ವಾಡಿಕೆ. ಹಿರಿಯರಾದವರು ಅದು ಹಿಂದಿನ ಕಾಲದ ಗಟ್ಟಿ ಸಾಮಾನು, ಇರಲಿ ಎನ್ನುತ್ತಾರೆ. ಕಿರಿಯರು ಅದನ್ನು ಗುಜರಿಗೆ ಹಾಕಿ ಹೊಸದನ್ನು ತರೋಣ ಎನ್ನುತ್ತಾರೆ. ವಿಚಾರ ಮಾಡಿ ನೋಡಿದರೆ ಈ ಎರಡು ಮಾತುಗಳಲ್ಲಿಯೂ ಒಂದೇ ಕೊರತೆಯಿದೆ. ವಸ್ತುವನ್ನು ಬಿಚ್ಚಿ ನೋಡುವುದಕ್ಕೆ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ಹಳೆಯದೆಂಬ ಕಾರಣಕ್ಕೆ ಉಳಿಸಿಕೊಳ್ಳುವುದು ಮೋಹವಾದರೆ, ಹಳೆಯದೆಂಬ ಕಾರಣಕ್ಕೇ ಎಸೆಯುವುದು ಅವಿಚಾರ. ಪರೀಕ್ಷಿಸಿದ ಮೇಲೆ ಇಟ್ಟುಕೊಳ್ಳುವುದಾಗಲಿ ಬಿಡುವುದಾಗಲಿ ವಿವೇಕವೆನಿಸುತ್ತದೆ. ಈ ಸಂಚಿಕೆಯಲ್ಲಿ ಅಂಥದೊಂದು ವಸ್ತುವಿನ ಪರೀಕ್ಷೆಯನ್ನು ಓದುಗರೊಡನೆ ಮಾಡಬೇಕೆಂದಿದ್ದೇವೆ.

ಬಯಲುಸೀಮೆಯ ಒಕ್ಕಲುತನದ ಮನೆಯ ಶರಣರೊಬ್ಬರು ನಮಗೊಂದು ಪತ್ರ ಬರೆದಿದ್ದರು. ಅವರ ತಂದೆಯವರು 1978ರಲ್ಲಿ ಟ್ರಾಕ್ಟರಿನ ಜೊತೆಗೆ ಒಂದು ಬ್ಯಾಟರಿ ಚಾರ್ಜರನ್ನೂ ಕೊಂಡಿದ್ದರಂತೆ. ಕಬ್ಬಿಣದ ಪೆಟ್ಟಿಗೆ, ಮುಂದೆ ಒಂದು ಮುಳ್ಳಿನ ಮೀಟರು, ಎರಡು ಉದ್ದನೆಯ ವೈರುಗಳ ತುದಿಗೆ ಮೊಸಳೆಯ ಬಾಯಿಯಂಥ ಕ್ಲಿಪ್ಪುಗಳು. ತಂದೆಯವರು ಈಗಿಲ್ಲ. ಚಾರ್ಜರು ಉಳಿದಿದೆ. ಆದರೆ ರಾತ್ರಿಯೆಲ್ಲ ಹಚ್ಚಿಟ್ಟರೂ ಮುಂಜಾನೆ ಟ್ರಾಕ್ಟರು ಸ್ಟಾರ್ಟ್ ಆಗುವುದಿಲ್ಲ, ಮೀಟರಿನ ಮುಳ್ಳು ಮೊದಲಿನ ಅರ್ಧಕ್ಕೇ ನಿಲ್ಲುತ್ತದೆ, ಪೆಟ್ಟಿಗೆ ಗುಂಯ್‌ಗುಡುತ್ತದೆ, ಒಮ್ಮೊಮ್ಮೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. "ಮಗ ಗುಜರಿಗೆ ಹಾಕೋಣ ಅಂತಾನೆ. ನಮ್ಮ ಅವ್ವನವರು, ನಿಮ್ಮಪ್ಪನವರು ಇಟ್ಟುಹೋದ ಸಾಮಾನು, ಅದನ್ನು ಮುಟ್ಟಬೇಡಿರಿ ಅಂತಾರೆ. ಇದರ ಸಲುವಾಗಿ ಮನೆಯಲ್ಲಿ ಎರಡು ದಿನ ಮಾತು ನಿಂತಿದೆ. ತಾವು ಏನು ಹೇಳುತ್ತೀರಿ?" ಎಂದು ಅವರು ಕೇಳಿದ್ದರು.

ಚಾರ್ಜರಿನ ಪ್ರಶ್ನೆ ಧಾರ್ಮಿಕ ಮಾಸಪತ್ರಿಕೆಗೆ ಹೇಗೆ ಬಂತೆಂದು ಕೆಲವರು ಆಶ್ಚರ್ಯಪಡಬಹುದು. ಬಾಚಿಕಾಯಕದ ಬಸವಪ್ಪನವರ ಬಾಚಿ, ಸೂಜಿಕಾಯಕದ ರಾಮಿತಂದೆಯವರ ಸೂಜಿ, ನುಲಿಯ ಚಂದಯ್ಯನವರ ಹಗ್ಗ ಇವೆಲ್ಲವೂ ಅವರವರ ಹೆಸರಿನೊಡನೆ ಬೆರೆತುಹೋಗಿರುವ ಪರಂಪರೆ ನಮ್ಮದು. ಕಾಯಕದ ಉಪಕರಣವನ್ನು ಅರಿತು ಬಳಸುವುದು ಈ ಪತ್ರಿಕೆಗೆ ಹೊರಗಿನ ವಿಷಯವಾಗಲಾರದು.

ಅವರಿಗೆ ನಾವು ಕೊಟ್ಟ ಮೊದಲ ಉತ್ತರ ಒಂದೇ ಸಾಲಿನದು. ಮುಟ್ಟಿದರೆ ಜುಮ್ಮೆನ್ನುವ ಪೆಟ್ಟಿಗೆಯನ್ನು ಈ ಕ್ಷಣದಿಂದಲೇ ಬಳಸಬೇಡಿರಿ; ಪ್ಲಗ್ಗನ್ನು ಕಿತ್ತು ಮಕ್ಕಳ ಕೈಗೆ ಸಿಗದಂತೆ ಇಡಿರಿ. 230 ವೋಲ್ಟಿನ ವಿದ್ಯುತ್ತು ಸೋರಿಕೆಯಾಗುತ್ತಿರುವ ಸೂಚನೆ ಅದು. ಕಾಲಲ್ಲಿ ಚಪ್ಪಲಿ ಇದ್ದುದರಿಂದಲೋ ನೆಲ ಒಣಗಿದ್ದುದರಿಂದಲೋ ಅದು ಜುಮ್ಮೆನ್ನುವಷ್ಟಕ್ಕೆ ನಿಂತಿರಬಹುದು. ಮಳೆಗಾಲದ ಹಸಿ ನೆಲದ ಮೇಲೆ, ಬರಿಗಾಲಿನಲ್ಲಿ, ಅದೇ ಪೆಟ್ಟಿಗೆ ಪ್ರಾಣ ತೆಗೆಯಬಲ್ಲದು. ದುರಸ್ತಿಯ ಮಾತೆಲ್ಲ ಇದರ ನಂತರ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಚಾರ್ಜರಿನ ದೋಷವನ್ನು ಹುಡುಕಬೇಕಾದರೆ ಅದರ ಕೆಲಸವೇನೆಂಬುದು ತಿಳಿದಿರಬೇಕು. ಮನೆಗೆ ತಂತಿಯ ಮೂಲಕ ಬರುವುದು ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 50 ಆವೃತ್ತಿಗಳಂತೆ ತನ್ನ ದಿಕ್ಕನ್ನು ಬದಲಿಸುತ್ತಿರುತ್ತದೆ. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತು. ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರು ಮೊದಲು 230 ವೋಲ್ಟನ್ನು 14ರಿಂದ 18 ವೋಲ್ಟಿನಷ್ಟಕ್ಕೆ ಇಳಿಸುತ್ತದೆ. ಅನಂತರ ಡಯೋಡುಗಳೆಂಬ ಬಾಗಿಲುಗಳು ಅದನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಅಲ್ಲಿಂದ ಅದು ಮೀಟರಿನ ಮೂಲಕ ಹಾದು, ಕ್ಲಿಪ್ಪುಗಳಿಂದ ಬ್ಯಾಟರಿಯನ್ನು ಸೇರುತ್ತದೆ. ಹಳೆಯ ಚಾರ್ಜರಿನ ಒಳಗಿರುವುದು ಇಷ್ಟೇ. ಇದರಲ್ಲಿ ಯಾವ ರಹಸ್ಯವೂ ಇಲ್ಲ. ಆದುದರಿಂದಲೇ ಇದು ದುರಸ್ತಿಗೆ ಸುಲಭವಾಗಿ ಒಗ್ಗುತ್ತದೆ.

ಅದು ತುಂಬುವ ಬ್ಯಾಟರಿಯೂ ಹಳೆಯ ಕಾಲದ್ದೇ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ಮರಳಿ ಮರಳಿ ತುಂಬಬಲ್ಲ ಮೊದಲ ವಿದ್ಯುತ್ಕೋಶವನ್ನು ನಿರ್ಮಿಸಿದನು. 1881ರಲ್ಲಿ ಕಮಿಲ್ ಫೋರ್ ಎಂಬಾತನು ಸೀಸದ ಜಾಲರಿಗೆ ಸೀಸದ ಆಕ್ಸೈಡಿನ ಲೇಪವನ್ನು ಮೆತ್ತುವ ವಿಧಾನವನ್ನು ಕಂಡುಹಿಡಿದನು. ಇಂದಿನ ಟ್ರಾಕ್ಟರಿನಲ್ಲಿರುವುದೂ ಮೂಲತಃ ಅದೇ. ಒಂದೊಂದು ಸೆಲ್ಲು 2.1 ವೋಲ್ಟಿನಂತೆ ಆರು ಸೆಲ್ಲುಗಳು ಸೇರಿ 12.6 ವೋಲ್ಟಾಗುತ್ತದೆ, ಅದನ್ನೇ ನಾವು 12 ವೋಲ್ಟಿನ ಬ್ಯಾಟರಿ ಎನ್ನುತ್ತೇವೆ. ಬಳಸುತ್ತ ಹೋದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜು ಮಾಡಿದಾಗ ಅದು ಹಿಂದಿನ ಸ್ಥಿತಿಗೆ ಮರಳುತ್ತದೆ. ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಡುಸಾಗಿ ಕುಳಿತುಬಿಡುತ್ತದೆ. ಆಮೇಲೆ ಯಾವ ಚಾರ್ಜರೂ ಅದನ್ನು ಪೂರ್ತಿಯಾಗಿ ಕರಗಿಸಲಾರದು.

ಈ ಕಾರಣದಿಂದ ಪರೀಕ್ಷೆಯನ್ನು ಬ್ಯಾಟರಿಯಿಂದಲೇ ಆರಂಭಿಸಬೇಕು. ಕೊಡುವವನಲ್ಲಿ ದೋಷವನ್ನು ಹುಡುಕುವ ಮೊದಲು ಪಡೆಯುವವನು ಪಡೆಯಬಲ್ಲನೋ ಎಂಬುದನ್ನು ನೋಡಬೇಕಷ್ಟೆ. ಚಾರ್ಜು ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು, ಮಲ್ಟಿಮೀಟರಿನಿಂದ ಅಳೆಯಿರಿ. 12.6ರಿಂದ 12.7 ವೋಲ್ಟು ಬಂದರೆ ಅದು ತುಂಬಿದೆ. 12.2 ಬಂದರೆ ಹೆಚ್ಚುಕಡಿಮೆ ಅರ್ಧ ತುಂಬಿದೆ. 11.9ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಷ್ಟು ಚಾರ್ಜು ಮಾಡಿದರೂ 10.5ರ ಆಸುಪಾಸಿನಲ್ಲಿಯೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಬಿರಡೆ ಬಿಚ್ಚಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಟ್ರಾಕ್ಟರಿನ ಬ್ಯಾಟರಿ ತುಂಬಿದ್ದಾಗ ಆಮ್ಲದ ಸಾಂದ್ರತೆ 1.250ರಿಂದ 1.280ರಷ್ಟಿರುತ್ತದೆ. ಐದು ಸೆಲ್ಲುಗಳು ಸರಿಯಾಗಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ದೋಷ ಅಲ್ಲಿದೆ. ಇನ್ವರ್ಟರಿನ ದೊಡ್ಡ ಬ್ಯಾಟರಿಗಳಲ್ಲಿ ಈ ಅಂಕೆ ಕಡಮೆಯಿರುವುದುಂಟು. ತಯಾರಕರು ಬರೆದುಕೊಟ್ಟಿರುವ ಅಂಕೆಯನ್ನೇ ಪ್ರಮಾಣವೆಂದು ಹಿಡಿಯತಕ್ಕದ್ದು. ಬ್ಯಾಟರಿಯೇ ಸತ್ತಿರುವಾಗ ಚಾರ್ಜರನ್ನು ದೂರಿ ಫಲವಿಲ್ಲ.

ಬ್ಯಾಟರಿ ಚೆನ್ನಾಗಿದೆಯೆಂದು ಖಚಿತವಾದ ಬಳಿಕ ವಿದ್ಯುತ್ತು ಹರಿದು ಬರುವ ದಾರಿಯನ್ನು ಗೋಡೆಯಿಂದ ಮೊದಲುಗೊಂಡು ಒಂದೊಂದೇ ಹೆಜ್ಜೆಯಾಗಿ ನೋಡುತ್ತ ಬರಬೇಕು. ಕಾಲುವೆಯಲ್ಲಿ ನೀರು ಬಾರದಿದ್ದರೆ ಒಕ್ಕಲಿಗನು ಮೇಲಿನ ತೂಬಿನಿಂದ ನೋಡುತ್ತ ಇಳಿಯುತ್ತಾನೆ; ನಡುವೆ ಎಲ್ಲೋ ಅಗೆಯತೊಡಗುವುದಿಲ್ಲ. ಇಲ್ಲಿಯೂ ಅದೇ ಕ್ರಮ. ಪೆಟ್ಟಿಗೆಯ ಹೊರಗಿನದನ್ನು ಮನೆಯವರೇ ನೋಡಬಹುದು. ಒಳಗಿನದನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ನೋಡಿಸಬೇಕು. ಮನೆಯವರು ಪಕ್ಕದಲ್ಲಿ ಕುಳಿತು ಅರಿತುಕೊಳ್ಳಬಹುದು.

ಮೊದಲನೆಯದು ಗೋಡೆಯ ಸಾಕೆಟ್ಟು. ಅಲ್ಲಿ ಬೇರೊಂದು ದೀಪ ಹತ್ತುತ್ತದೆಯೇ? ಹತ್ತಿದರೂ ಮಂಕಾಗಿದೆಯೇ? ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿನಲ್ಲಿ 230 ವೋಲ್ಟು 190ಕ್ಕೆ ಇಳಿದರೆ, ಚಾರ್ಜರಿನೊಳಗೆ 16 ವೋಲ್ಟು ಇರಬೇಕಾದಲ್ಲಿ 13 ವೋಲ್ಟಿನಷ್ಟೇ ಉಳಿಯುತ್ತದೆ. ಬ್ಯಾಟರಿಗೆ ಹರಿಯುವ ಪ್ರವಾಹ ಬಹಳ ಕುಗ್ಗುತ್ತದೆ. ಚಾರ್ಜರಿನಲ್ಲಿ ಯಾವ ದೋಷವೂ ಇಲ್ಲದೆ ಬ್ಯಾಟರಿ ತುಂಬದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ವೈರು ಮತ್ತು ಪ್ಲಗ್ಗು. ವೈರು ಪೆಟ್ಟಿಗೆಯೊಳಕ್ಕೆ ಹೋಗುವ ತೂತಿನ ಬಳಿ ಬಾಗಿ ಬಾಗಿ ಮುರಿಯುತ್ತದೆ. ಇಲಿಗಳು ಕಡಿಯುವುದೂ ಅಲ್ಲಿಯೇ. ಹಳೆಯ ಚಾರ್ಜರುಗಳಲ್ಲಿ ಎಷ್ಟೋ ಕಡೆ ಎರಡು ಪಿನ್ನಿನ ಪ್ಲಗ್ಗನ್ನು ಹಾಕಿರುತ್ತಾರೆ. ಕಬ್ಬಿಣದ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ಗು ಇರಲೇಬೇಕು. ಅದರ ದಪ್ಪ ಪಿನ್ನಿನಿಂದ ಬರುವ ಹಸಿರು ವೈರನ್ನು ಪೆಟ್ಟಿಗೆಯ ಮೈಗೆ ಬಿಗಿಯಾಗಿ ಕೂಡಿಸಿರಬೇಕು. ಮನೆಯ ಅರ್ಥಿಂಗ್ ಸರಿಯಾಗಿದೆಯೆಂಬುದನ್ನೂ ನೋಡಿಸಿಕೊಳ್ಳಬೇಕು.

ಮೂರನೆಯದು ಫ್ಯೂಸು. ಸುಟ್ಟಿದ್ದರೆ ಅದೇ ಅಳತೆಯದನ್ನು ಒಮ್ಮೆ ಮಾತ್ರ ಹಾಕಿ ನೋಡಬಹುದು. ಮತ್ತೆ ಸುಟ್ಟರೆ ಒಳಗೆ ದೋಷವಿದೆಯೆಂದು ಅದು ಹೇಳುತ್ತಿದೆ. ಆಗ ದಪ್ಪ ತಾಮ್ರದ ತಂತಿಯನ್ನು ಸುತ್ತಿ ಕೆಲಸ ಸಾಗಿಸುವವರುಂಟು. ಎಚ್ಚರಿಸುವವನ ಬಾಯಿಯನ್ನು ಕಟ್ಟಿದಂತಾಯಿತು ಅದು. ಮುಂದೆ ಸುಡುವುದು ಟ್ರಾನ್ಸ್‌ಫಾರ್ಮರು, ಅದರ ಮುಂದೆ ಮನೆ.

ನಾಲ್ಕನೆಯದು ಟ್ರಾನ್ಸ್‌ಫಾರ್ಮರು. ಹಳೆಯ ಚಾರ್ಜರನ್ನು ಉಳಿಸಬೇಕೋ ಬಿಡಬೇಕೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಪ್ಲಗ್ಗನ್ನು ಕಿತ್ತ ಮೇಲೆ ಅದರ ಎರಡು ಪಿನ್ನುಗಳ ನಡುವೆ, ಸ್ವಿಚ್ಚು ಹಾಕಿದ ಸ್ಥಿತಿಯಲ್ಲಿ, ಮೀಟರು ಅಲ್ಪಸ್ವಲ್ಪ ಓಮ್‌ಗಳನ್ನು ತೋರಿಸಿದರೆ ಸುರುಳಿ ತುಂಡಾಗಿಲ್ಲ. ಅದಕ್ಕಿಂತ ಮುಖ್ಯವಾದುದು, ಆ ಸುರುಳಿಗೂ ಪೆಟ್ಟಿಗೆಯ ಕಬ್ಬಿಣಕ್ಕೂ ಸಂಬಂಧ ಇರಕೂಡದೆಂಬುದು. ಇದನ್ನು ಸಾಮಾನ್ಯ ಮೀಟರಿನಿಂದ ನಂಬುವಂತೆ ತಿಳಿಯಲಾಗದು; ಎಲೆಕ್ಟ್ರಿಷಿಯನ್ನರು 500 ವೋಲ್ಟಿನ ಮೆಗ್ಗರಿನಿಂದ ಅಳೆಯುತ್ತಾರೆ. ಸುಸ್ಥಿತಿಯಲ್ಲಿರುವ ಟ್ರಾನ್ಸ್‌ಫಾರ್ಮರು ಹತ್ತಾರು ಮೆಗಾ ಓಮ್‌ಗಳನ್ನು ತೋರಿಸುತ್ತದೆ. ಒಂದಕ್ಕಿಂತ ಕಡಮೆ ತೋರಿಸಿದರೆ ಅದರ ಒಳಗಿನ ಹೊದಿಕೆ ಜೀರ್ಣವಾಗಿದೆ. ಅಂಥದನ್ನು ಯಾರ ಸ್ಮಾರಕವೆಂದೂ ಇಟ್ಟುಕೊಳ್ಳಬಾರದು. ತಂದೆಯವರ ನೆನಪಿಗೆ ಕುಂದು ಬರುವುದು ಅವರು ಕೊಂಡ ಪೆಟ್ಟಿಗೆಯನ್ನು ಬಿಡುವುದರಿಂದಲ್ಲ. ಆ ಪೆಟ್ಟಿಗೆಯಿಂದ ಮೊಮ್ಮಗನಿಗೆ ಅಪಾಯವಾದರೆ.

ಐದನೆಯದು ಡಯೋಡುಗಳು. ಬಹಳ ಹಳೆಯ ಚಾರ್ಜರುಗಳಲ್ಲಿ ಇವುಗಳ ಬದಲಾಗಿ ಒಂದು ಸರಳಿಗೆ ಪೋಣಿಸಿದ ಚೌಕ ತಗಡುಗಳ ಸಾಲು ಕಾಣುತ್ತದೆ. ಅವು ಸೆಲೆನಿಯಂ ತಗಡುಗಳು. 1960ರ ದಶಕದ ಈಚೆಗೆ ಸಿಲಿಕಾನ್ ಡಯೋಡುಗಳು ಆ ಸ್ಥಾನವನ್ನು ಪಡೆದವು. ಸಾಮಾನ್ಯವಾಗಿ ನಾಲ್ಕು ಡಯೋಡುಗಳಿರುತ್ತವೆ. ಬ್ಯಾಟರಿಯನ್ನೂ ಪ್ಲಗ್ಗನ್ನೂ ಬಿಡಿಸಿ, ಮೀಟರಿನ ಡಯೋಡ್ ಗುರುತಿನಲ್ಲಿ ಅಳೆದಾಗ ಒಂದು ದಿಕ್ಕಿಗೆ 0.5ರಿಂದ 0.7ರಷ್ಟು ತೋರಿಸಬೇಕು; ತಿರುಗಿಸಿ ಹಿಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಆ ಬಾಗಿಲು ಮುಚ್ಚುವುದನ್ನೇ ಮರೆತಿದೆ. ಅಂಥ ಚಾರ್ಜರು ಜೋರಾಗಿ ಗುಂಯ್‌ಗುಟ್ಟಿ ಫ್ಯೂಸನ್ನು ಸುಡುತ್ತದೆ. ಎರಡೂ ಕಡೆ ಏನೂ ಬಾರದಿದ್ದರೆ ಬಾಗಿಲು ತೆರೆಯುವುದನ್ನೇ ಮರೆತಿದೆ. ಆಗ ಪ್ರತಿ ಆವೃತ್ತಿಯ ಅರ್ಧಭಾಗ ಮಾತ್ರ ಬ್ಯಾಟರಿಯನ್ನು ಮುಟ್ಟುತ್ತದೆ, ಮುಳ್ಳು ಅರ್ಧಕ್ಕೆ ನಿಲ್ಲುತ್ತದೆ, ಟ್ರಾನ್ಸ್‌ಫಾರ್ಮರು ಎಂದಿಗಿಂತ ಹೆಚ್ಚು ಸದ್ದು ಮಾಡುತ್ತದೆ. ಪತ್ರದಲ್ಲಿದ್ದ ಲಕ್ಷಣಗಳು ಈ ಎರಡನೆಯದನ್ನೇ ಸೂಚಿಸುತ್ತಿದ್ದವು.

ಆರನೆಯದು ಕ್ಲಿಪ್ಪುಗಳು. ಹೆಚ್ಚಿನವರು ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಹಸಿರು ಬಿಳುಪಾಗಿ ಹೂವಿನಂತೆ ಬೆಳೆಯುವ ಕಿಲುಬು ಕೇವಲ 0.2 ಓಮಿನಷ್ಟು ಅಡ್ಡಿಯಾದರೂ, 5 ಆಂಪಿಯರ್ ಹರಿಯುವಾಗ ಒಂದು ಪೂರ್ಣ ವೋಲ್ಟು ಅಲ್ಲಿಯೇ ಬಿಸಿಯಾಗಿ ಕಳೆದುಹೋಗುತ್ತದೆ. ಕ್ಲಿಪ್ಪನ್ನು ಮುಟ್ಟಿದಾಗ ಬೆಚ್ಚಗಾಗಿದ್ದರೆ ಇದೇ ಕಾರಣ. ಬಿಸಿನೀರಿನಲ್ಲಿ ಅಡುಗೆ ಸೋಡಾ ಕದಡಿ ತೊಳೆದರೆ ಕಿಲುಬು ನೊರೆನೊರೆಯಾಗಿ ಬಿಡುತ್ತದೆ. ಆ ನೀರು ಸೆಲ್ಲಿನೊಳಕ್ಕೆ ಇಳಿಯದಂತೆ ಬಿರಡೆಗಳನ್ನು ಬಿಗಿಮಾಡಿರಬೇಕು. ಒರೆಸಿ, ಉಜ್ಜುಕಾಗದದಿಂದ ಹೊಳೆಯುವಂತೆ ತಿಕ್ಕಿ, ಕೂಡಿಸಿದ ಮೇಲೆ ತುಸು ವ್ಯಾಸಲೀನು ಸವರಿದರೆ ಬಹುಕಾಲ ಕಿಲುಬು ಹತ್ತುವುದಿಲ್ಲ.

ಇಷ್ಟನ್ನು ಬರೆದು ಕಳುಹಿಸಿದ ಕೆಲವು ವಾರಗಳಲ್ಲಿ ಆ ಬಂಧುಗಳಿಂದ ಮತ್ತೆ ಪತ್ರ ಬಂತು. ಊರಿನ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಮಗನನ್ನೂ ಕೂಡಿಸಿಕೊಂಡು ಕ್ರಮವಾಗಿ ನೋಡಿದರಂತೆ. ಬ್ಯಾಟರಿ ಚೆನ್ನಾಗಿತ್ತು. ಟ್ರಾನ್ಸ್‌ಫಾರ್ಮರು ಮೆಗ್ಗರಿನ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಜುಮ್ಮೆನ್ನಲು ಕಾರಣ ತೂತಿನ ಬಳಿ ಇಲಿ ಕಡಿದಿದ್ದ ವೈರು. ಅದರ ಸುತ್ತ ಕೂಡಿದ್ದ ತೇವದ ಧೂಳು ಮೈಗೆ ಅಂಟಿಕೊಂಡಿತ್ತು. ಪ್ಲಗ್ಗಿಗೆ ಎರಡೇ ಪಿನ್ನಿದ್ದವು. ಸೆಲೆನಿಯಂ ತಗಡುಗಳ ಸಾಲಿನಲ್ಲಿ ಒಂದು ಭಾಗ ಸುಟ್ಟು ಕಪ್ಪಾಗಿತ್ತು. ಮೂರು ಪಿನ್ನಿನ ಹೊಸ ವೈರನ್ನು ಹಾಕಿ, ಸುಟ್ಟ ತಗಡುಗಳ ಜಾಗದಲ್ಲಿ 35 ಆಂಪಿಯರಿನ ಸಿಲಿಕಾನ್ ಬ್ರಿಡ್ಜನ್ನು ದಪ್ಪ ಅಲ್ಯೂಮಿನಿಯಂ ತಗಡಿಗೆ ಬಿಗಿದು ಕೂಡಿಸಿದರು. ತಗಡಿಗೆ ಬಿಗಿಯದೆ ಬ್ರಿಡ್ಜನ್ನು ಹಾಗೆಯೇ ತೂಗುಬಿಟ್ಟರೆ ಅದು ತನ್ನ ಬಿಸಿಯಿಂದಲೇ ಸುಟ್ಟುಹೋಗುತ್ತದೆ.

ಮೊದಲ ಸಲ ಹಚ್ಚುವಾಗ ಎಲೆಕ್ಟ್ರಿಷಿಯನ್ನರು ಮಾಡಿದ ಉಪಾಯ ಮೆಚ್ಚತಕ್ಕದ್ದು. ಚಾರ್ಜರಿಗೆ ನೇರವಾಗಿ ವಿದ್ಯುತ್ತು ಕೊಡದೆ, 100 ವಾಟಿನ ಹಳೆಯ ತಂತಿಯ ಬಲ್ಬೊಂದರ ಮೂಲಕ ಸೀರೀಸಿನಲ್ಲಿ ಕೊಟ್ಟರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಚಾರ್ಜರು ಉಳಿಯುತ್ತದೆ. ಎಲ್ಲ ಸರಿಯಿದ್ದು ಬ್ಯಾಟರಿಯನ್ನು ಕೂಡಿಸದಿದ್ದಾಗ ಬಲ್ಬು ಮಂದವಾಗಿ ಮಿನುಗುತ್ತದೆ ಅಥವಾ ಹತ್ತುವುದೇ ಇಲ್ಲ. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಒದಗುವುದಿಲ್ಲ. ಆದುದರಿಂದ ಒಂದೆರಡು ತಂತಿಯ ಬಲ್ಬುಗಳನ್ನು ತೆಗೆದಿಟ್ಟಿರುವುದು ಒಳ್ಳೆಯದು.

ಇಲ್ಲಿಗೆ ಕತೆ ಮುಗಿಯಿತೆಂದು ತೋರಬಹುದು. ನಿಜವಾದ ಎಚ್ಚರ ಬೇಕಾಗುವುದು ಇಲ್ಲಿಂದ ಮುಂದೆ. ಹಳೆಯ ಸೆಲೆನಿಯಂ ತಗಡುಗಳು ಮುದಿಯಾದಂತೆ ತಾವೇ ಹೆಚ್ಚು ವೋಲ್ಟನ್ನು ನುಂಗುತ್ತಿರುತ್ತವೆ. ಹೊಸ ಸಿಲಿಕಾನ್ ಬ್ರಿಡ್ಜು ಕಡಮೆ ನುಂಗುತ್ತದೆ. ಆದಕಾರಣ ಅದೇ ಟ್ರಾನ್ಸ್‌ಫಾರ್ಮರಿನಿಂದ ಬ್ಯಾಟರಿಗೆ ಮೊದಲಿಗಿಂತ ಹೆಚ್ಚು ಪ್ರವಾಹ ನುಗ್ಗುತ್ತದೆ. ಮುಳ್ಳು ಅರ್ಧಕ್ಕೆ ನಿಲ್ಲುತ್ತಿದ್ದ ಮೀಟರು ಈಗ ಅಂಚಿಗೆ ಹೋಗಿ ನಿಂತಿತೆಂದು ಅವರು ಸಂತೋಷದಿಂದ ಬರೆದಿದ್ದರು. ಅದು ಸಂತೋಷಪಡುವ ವಿಷಯವಲ್ಲವೆಂದು ನಾವು ಕೂಡಲೇ ತಿಳಿಸಿದೆವು. ಸ್ವಿಚ್ಚನ್ನು ಕೆಳಗಿನ ಮಟ್ಟಕ್ಕೆ ತಿರುಗಿಸಬೇಕು. ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗ ಚಾರ್ಜಿಗೆ ಹಿತವಾದ ಮಿತಿ. 80 ಆಂಪಿಯರ್-ಗಂಟೆಯ ಬ್ಯಾಟರಿಗೆ 8 ಆಂಪಿಯರ್. ಚಾರ್ಜರಿನ ಮೈಮೇಲೆ ಬರೆದಿರುವ ಮಿತಿ ಅದಕ್ಕಿಂತ ಕಡಮೆಯಿದ್ದರೆ ಆ ಮಿತಿಯೇ ಮಿತಿ.

ಹಳೆಯ ಚಾರ್ಜರಿಗೂ ಇಂದಿನ ಚಾರ್ಜರಿಗೂ ಇರುವ ದೊಡ್ಡ ಭೇದ ಒಂದೇ. ಇಂದಿನದು ಬ್ಯಾಟರಿ ತುಂಬಿದುದನ್ನು ತಾನೇ ಅರಿತು ಕೈ ಹಿಂದೆಗೆಯುತ್ತದೆ. ಹಳೆಯದು ಕೊಡುವುದನ್ನು ಬಲ್ಲದು, ಸಾಕೆನ್ನುವುದನ್ನು ಅರಿಯದು. ಬ್ಯಾಟರಿ ತುಂಬಿದ ಮೇಲೂ ಅದು ಕೊಡುತ್ತಲೇ ಇರುತ್ತದೆ. ಸುಮಾರು 14.4 ವೋಲ್ಟನ್ನು ದಾಟಿದ ಬಳಿಕ ಆ ಶಕ್ತಿ ತುಂಬಿಕೊಳ್ಳಲು ಜಾಗವಿಲ್ಲದೆ ನೀರನ್ನು ಒಡೆಯತೊಡಗುತ್ತದೆ. ಜಲಜನಕವೂ ಆಮ್ಲಜನಕವೂ ಗುಳ್ಳೆಗಳಾಗಿ ಮೇಲೇಳುತ್ತವೆ. ನೀರು ಇಂಗಿ ಪ್ಲೇಟುಗಳು ಬಯಲಾಗುತ್ತವೆ, ಒಳಗಿನ ಜಾಲರಿ ಸವೆಯುತ್ತದೆ, ಲೇಪ ಉದುರುತ್ತದೆ. ಬಾಳಬೇಕಾದ ಬ್ಯಾಟರಿ ಹಸಿವಿನಿಂದ ಸಾಯುವಂತೆಯೇ ಅತಿಭೋಜನದಿಂದಲೂ ಸಾಯುತ್ತದೆ.

ಅಪಾಯ ಬ್ಯಾಟರಿಗೆ ಮಾತ್ರವಲ್ಲ. ಗಾಳಿಯಲ್ಲಿ ನೂರಕ್ಕೆ 4 ಭಾಗದಷ್ಟು ಜಲಜನಕ ಬೆರೆತರೆ ಒಂದು ಕಿಡಿ ಸಾಕು, ಅದು ಸಿಡಿಯುತ್ತದೆ. ಬ್ಯಾಟರಿಯ ಆಮ್ಲ ಮುಖಕ್ಕೆ ಎರಚುತ್ತದೆ. ಆದುದರಿಂದ ಚಾರ್ಜು ಮಾಡುವ ಸ್ಥಳ ಗಾಳಿಯಾಡುವಂತಿರಬೇಕು. ಅಡುಗೆಮನೆಯೂ ಮುಚ್ಚಿದ ದೇವರ ಕೋಣೆಯೂ ಇದಕ್ಕೆ ತಕ್ಕ ಸ್ಥಳಗಳಲ್ಲ; ಊದುಬತ್ತಿ, ದೀಪ, ಬೀಡಿ ಯಾವುದೂ ಹತ್ತಿರವಿರಕೂಡದು. ಕೆಂಪು ಕ್ಲಿಪ್ಪು ಕೂಡುಗುರುತಿಗೆ, ಕಪ್ಪು ಕಳೆಗುರುತಿಗೆ. ಮೊದಲು ಕ್ಲಿಪ್ಪುಗಳನ್ನು ಕೂಡಿಸಿ ಅನಂತರ ಸ್ವಿಚ್ಚು ಹಾಕಬೇಕು. ಮುಗಿದಾಗ ಮೊದಲು ಸ್ವಿಚ್ಚು ಆರಿಸಿ ಅನಂತರ ಕ್ಲಿಪ್ಪು ತೆಗೆಯಬೇಕು. ಈ ಕ್ರಮ ತಪ್ಪಿದಾಗಲೇ ಬ್ಯಾಟರಿಯ ಬಾಯಿಯ ಬಳಿ ಕಿಡಿ ಹಾರುವುದು. ಆಮ್ಲ ಕಣ್ಣಿಗೆ ಸಿಡಿದರೆ ಶುದ್ಧವಾದ ನೀರನ್ನು ಕನಿಷ್ಠ 15 ನಿಮಿಷ ಬಿಡದೆ ಹರಿಸಿ ತೊಳೆದು ವೈದ್ಯರ ಬಳಿಗೆ ಧಾವಿಸಬೇಕು. ಬ್ಯಾಟರಿಗೆ ನೀರು ಹಾಕುವುದಿದ್ದರೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಬೋರ್‌ವೆಲ್ಲಿನ ನೀರು ಸಲ್ಲದು. ನೀರು ಹಾಕುವ ಬಾಯಿಯೇ ಇಲ್ಲದ ಮುಚ್ಚಿದ ಬ್ಯಾಟರಿಗಳನ್ನು ಈ ಹಳೆಯ ಚಾರ್ಜರಿಗೆ ಹಚ್ಚದಿರುವುದೇ ಕ್ಷೇಮ. ಲಿಥಿಯಂ ಬ್ಯಾಟರಿಗಳನ್ನಂತೂ ಎಂದಿಗೂ ಹಚ್ಚಕೂಡದು.

ಹಾಗಾದರೆ ಈ ಯಂತ್ರಕ್ಕೆ ಸಾಕೆನ್ನುವವರು ಯಾರು? ಮನೆಯವರೇ ಹೇಳಬೇಕು. ಅದಕ್ಕೆ ಲೆಕ್ಕ ಕಠಿಣವಲ್ಲ. 80 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಬರಿದಾಗಿದ್ದರೆ 40 ಬೇಕು. ದಾರಿಯಲ್ಲಿ ನಷ್ಟವಾಗುವುದಕ್ಕೆ ಐದನೆಯ ಒಂದು ಭಾಗವನ್ನು ಸೇರಿಸಿದರೆ 48. ಮೀಟರು 6 ಆಂಪಿಯರ್ ತೋರಿಸುತ್ತಿದ್ದರೆ 8 ಗಂಟೆ. ತುಂಬುತ್ತ ಬಂದಂತೆ ಪ್ರವಾಹ ತಗ್ಗುವುದರಿಂದ ಕೊಂಚ ಹೆಚ್ಚು ಹೊತ್ತು ಹಿಡಿಯಬಹುದು. ಕೊನೆಯಲ್ಲಿ ಒಂದೊಂದು ಗಂಟೆಯ ಅಂತರದಲ್ಲಿ ಮೂರು ಸಲ ಅಳೆದಾಗ ವೋಲ್ಟೂ ಆಮ್ಲದ ಸಾಂದ್ರತೆಯೂ ಏರದೆ ನಿಂತಿದ್ದರೆ ಬ್ಯಾಟರಿ ತುಂಬಿತು. ಹಚ್ಚಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಚಾರ್ಜರಿಗೇ ಕಟ್ಟಬೇಕು. ಇಂದು ಕೈಯಲ್ಲಿರುವ ಫೋನಿನಲ್ಲಿ ಗಂಟೆ ಬಾರಿಸುವಂತೆ ಇಟ್ಟುಕೊಳ್ಳಬಹುದು. ಎಚ್ಚರವಾಗಿರುವವರು ಯಾರೂ ಇಲ್ಲದ ರಾತ್ರಿ ಇದನ್ನು ಹಚ್ಚಿ ಮಲಗಬಾರದು.

ಆ ಬಂಧುಗಳ ಎರಡನೆಯ ಪತ್ರದಲ್ಲಿ ಒಂದು ಮಾತಿತ್ತು. ತಂದೆಯವರ ಕಾಲದಲ್ಲಿ ಚಾರ್ಜರನ್ನು ಹಚ್ಚುತ್ತಿದ್ದವರು ತಂದೆಯವರಾದರೂ, ಹಚ್ಚಿದ ಹೊತ್ತನ್ನು ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತುಹಾಕಿ, ವೇಳೆಗೆ ಸರಿಯಾಗಿ ಆರಿಸಲು ಹೇಳುತ್ತಿದ್ದವರು ತಾಯಿಯವರಂತೆ. ಹಳೆಯ ಚಾರ್ಜರು ಇಷ್ಟು ವರ್ಷ ಏಕೆ ಬಾಳಿತು, ಒಂದೊಂದು ಬ್ಯಾಟರಿ ಏಕೆ ಅಷ್ಟು ಕಾಲ ಬರುತ್ತಿತ್ತು ಎಂಬುದಕ್ಕೆ ಉತ್ತರ ಆ ಪೆನ್ಸಿಲಿನ ಗುರುತಿನಲ್ಲಿದೆ. ಮುಟ್ಟಬೇಡಿರೆಂದು ತಾಯಿಯವರು ಹೇಳಿದುದರಲ್ಲಿ ಮೋಹವಷ್ಟೇ ಇರಲಿಲ್ಲ, ಆ ಯಂತ್ರದ ನಡೆಯನ್ನು ಬಲ್ಲ ಅನುಭವವೂ ಇತ್ತು. ಈಗ ಆ ಗುರುತನ್ನು ಮೊಮ್ಮಗ ಹಾಕುತ್ತಿದ್ದಾನಂತೆ, ಅಜ್ಜಿ ನೋಡುತ್ತಾರಂತೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತ ಓದುಗರಿಗೆಲ್ಲ ತಿಳಿದುದೇ. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ಮರಳಿಸಿ ಬರುವಂತೆ ಪತಿಗೆ ಹೇಳಿದರು. ಬಡತನದಲ್ಲಿದ್ದೂ ಸಾಕೆಂಬ ಅಳತೆಯನ್ನು ಅವರು ತಪ್ಪಲಿಲ್ಲ. ತರುವವರಿಗೆ ತರುವ ಉತ್ಸಾಹವಿರುತ್ತದೆ. ಅಳತೆಯನ್ನು ಕಾಯುವವರು ಮನೆಯೊಳಗೆ ಇನ್ನೊಬ್ಬರು ಬೇಕಾಗುತ್ತದೆ. ಕೊಡುತ್ತಲೇ ಇರುವ ಯಂತ್ರದೆದುರು ನಿಲ್ಲುವಾಗಲೂ ಮನುಷ್ಯನು ತನ್ನೊಡನೆ ತರಬೇಕಾದುದು ಆ ಅಳತೆಯನ್ನೇ.

ಕೊನೆಯದಾಗಿ ಒಂದು ವಿನಂತಿ. ಪರೀಕ್ಷೆಯಲ್ಲಿ ಬ್ಯಾಟರಿಯೇ ಸತ್ತಿದೆಯೆಂದು ತಿಳಿದರೆ ಅದನ್ನು ಹಿತ್ತಲಲ್ಲಿ ಒಡೆಯುವುದು, ಆಮ್ಲವನ್ನು ಚರಂಡಿಗೆ ಚೆಲ್ಲುವುದು, ಸೀಸವನ್ನು ಒಲೆಯ ಮೇಲೆ ಕರಗಿಸುವುದು ಯಾವುದನ್ನೂ ಮಾಡಬೇಡಿರಿ, ಮಾಡುವವರ ಕೈಗೂ ಕೊಡಬೇಡಿರಿ. ಸೀಸದ ಧೂಳೂ ಹೊಗೆಯೂ ಮಕ್ಕಳ ಮಿದುಳಿಗೆ ವಿಷ. ಒಮ್ಮೆ ಆದ ಹಾನಿ ಮರಳಿ ಸರಿಹೋಗುವುದಿಲ್ಲ. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಸೇರಿಸುವ ಹೊಣೆ ತಯಾರಕರ ಮೇಲಿದೆ; ಅವನ್ನು ಬೇರೆ ಕಸದೊಡನೆ ಬೆರೆಸದೆ ಒಪ್ಪಿಸುವ ಹೊಣೆ ಬಳಸುವವರ ಮೇಲಿದೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಕಡಮೆಯೂ ಆಗುತ್ತದೆ. ಬಳಸುವಾಗ ಸಾಕೆನ್ನುವ ಅರಿವು ಹೇಗೋ ಬಿಡುವಾಗ ಎಲ್ಲಿ ಬಿಡಬೇಕೆಂಬ ಅರಿವೂ ಹಾಗೆಯೇ ಕಾಯಕದ ಅಂಗ.

ತಮ್ಮ ತಮ್ಮ ಮನೆಗಳ ಅಟ್ಟದಲ್ಲಿ ಇಂಥ ಪೆಟ್ಟಿಗೆಗಳಿದ್ದರೆ ಓದುಗರು ಒಮ್ಮೆ ಇಳಿಸಿ ನೋಡಲಿ. ಹಚ್ಚುವ ಮೊದಲು ಬಲ್ಲವರಿಂದ ಪರೀಕ್ಷಿಸಲಿ.